ಜಾಂಗೊ: ಪಾಪ್‌ಅಪ್ ಒಳಗಿನ ಫಾರ್ಮ್ ಸೇವ್ ಮಾಡಿದರೆ ಇಡೀ ಪುಟವೇ ಅದರೊಳಗೆ ಬಂದು ಕೂರುತ್ತದೆ, ಎಂತ ಮಾಡುವುದು?

ಕರಿಗೋಟು
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಡಿಕೆ ಖರೀದಿ ಅಂಗಡಿಗೆ ಜಾಂಗೊದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಸಣ್ಣ ಆ್ಯಪ್ ಮಾಡುತ್ತಿದ್ದೇನೆ. ಬಿಲ್ ಪುಟದಲ್ಲಿ ಬೆಳೆಗಾರರ ಹೆಸರು ಆರಿಸಬೇಕು, ಕೆಳಗೆ ಹೊಸತು, ಹಳತು, ಪಟೋರ, ಕರಿಗೋಟು ಅಂತ ಅಡಿಕೆಯ ಒಂದೊಂದು ಬಗೆಗೆ ಸಾಲು ಸಾಲಾಗಿ ತೂಕ, ದರ ಹಾಕಬೇಕು. ಬಂದವರು ಹೊಸಬರಾದರೆ ಪಕ್ಕದ ಪ್ಲಸ್ ಬಟನ್ ಒತ್ತಿದಾಗ ಪಾಪ್‌ಅಪ್ ತೆರೆಯುತ್ತದೆ. ಅದರಲ್ಲಿ ಹೆಸರು, ಮನೆ ಹೆಸರು, ಫೋನ್, ಬ್ಯಾಂಕ್ ಖಾತೆ ತುಂಬುವ ಫಾರ್ಮ್ ಉಂಟು. ಬೂಟ್‌ಸ್ಟ್ರ್ಯಾಪ್ 5 ಎಂಬ ವಿನ್ಯಾಸ ಲೈಬ್ರರಿಯ ಮೋಡಲ್, ಅಂದರೆ ಅದೇ ಪುಟದ ಮೇಲೆ ತೆರೆಯುವ ಪೆಟ್ಟಿಗೆ.

ತೊಂದರೆ ಏನೆಂದರೆ, ಖಾತೆ ನಂಬರ್ ತಪ್ಪಾದರೆ ಇಡೀ ಪುಟ ರಿಲೋಡ್ ಆಗುತ್ತದೆ, ಪಾಪ್‌ಅಪ್ ಮುಚ್ಚುತ್ತದೆ, ಅಷ್ಟು ಹೊತ್ತು ಹಾಕಿದ ಬಿಲ್ ಸಾಲುಗಳೂ ಹೋಗುತ್ತವೆ. ಅಂಗಡಿಯಲ್ಲಿ ಬಿಲ್ ಬರೆಯುವವರ ಬಾಯಿಂದ ಏನೇನು ಕೇಳಬೇಕಾಗುತ್ತದೆ ಅಂತ ಬೇರೆ ಹೇಳಬೇಕಾ. ಅದಕ್ಕೆ ಪುಟ ರಿಲೋಡ್ ಆಗದೆ ಡೇಟಾ ಕಳಿಸುವ ಜಾವಾಸ್ಕ್ರಿಪ್ಟ್‌ನ ಫೆಚ್ ಹಾಕಿ ಕಳಿಸಿದೆ. ಈಗ ಸರಿಯಾಗಿ ಸೇವ್ ಆದಾಗ ಬೆಳೆಗಾರರ ಪಟ್ಟಿಯ ಪುಟ ಮೆನು ಸಮೇತ ಪಾಪ್‌ಅಪ್ ಒಳಗೇ ಬಂದು ಕೂರುತ್ತದೆ. ಇನ್ನೊಂದು ವಿಚಿತ್ರ, ಕೆಲವು ಪುಟಗಳಲ್ಲಿ ಪಾಪ್‌ಅಪ್‌ನ ಸೇವ್ ಒತ್ತಿದರೆ ಬಿಲ್ಲೇ ಸೇವ್ ಆಗಿಬಿಡುತ್ತದೆ! ಇದಕ್ಕೆ ಸರಿಯಾದ ಕ್ರಮ ಯಾವುದು?

ಉಪ್ಪಳ_ಲೋಕಲ್
ಪಾಪ್‌ಅಪ್ ತೆಗೆದು ಬಿಡಿ. ಬೇರೆ ಪುಟ ಮಾಡಿ. ಮುಗಿಯಿತು.

ಪೆರ್ಲದ_ಪೈಥಾನ್
@ಉಪ್ಪಳ_ಲೋಕಲ್ ಅರ್ಧ ಬಿಲ್ ಹಾಕಿದವರು ಬೇರೆ ಪುಟಕ್ಕೆ ಹೋಗಿ ವಾಪಸ್ ಬಂದರೆ ಸಾಲುಗಳು ಎಲ್ಲಿರುತ್ತವೆ ಮಾರಾಯ್ರೆ? ಇಂಥ ಜಾಗಕ್ಕೇ ಪಾಪ್‌ಅಪ್ ಇರುವುದು.

ಕರಿಗೋಟು ಅವರೇ, ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕೋಡ್ ಹಾಕುವುದಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಜಾಂಗೊದ ಫಾರ್ಮ್‌ವ್ಯೂ, ಕ್ರಿಯೇಟ್‌ವ್ಯೂ ಎಂಬ ಸಿದ್ಧ ವ್ಯೂಗಳು (ವಿನಂತಿಗೆ ಉತ್ತರ ಕೊಡುವ ಕೋಡ್) ಎಲ್ಲ ಮಾಮೂಲಿ ಪುಟಕ್ಕೆ ಅಂತ ಮಾಡಿದವು. ಫಾರ್ಮ್ ತಪ್ಪಿದ್ದರೆ ಅದೇ ಟೆಂಪ್ಲೇಟನ್ನು (ಪುಟದ ಅಚ್ಚು) 200, ಅಂದರೆ ‘ಸರಿ’ ಅನ್ನುವ ಸ್ಟೇಟಸ್‌ನಲ್ಲಿ ಮತ್ತೆ ಕೊಡುತ್ತವೆ. ಸರಿಯಿದ್ದರೆ 302, ಅಂದರೆ ‘ಬೇರೆ ವಿಳಾಸಕ್ಕೆ ಹೋಗು’ (ರೀಡೈರೆಕ್ಟ್) ಅಂತ ಕೊಟ್ಟು ಸಕ್ಸೆಸ್ ಯುಆರ್‌ಎಲ್‌ಗೆ ಕಳಿಸುತ್ತವೆ. ಬ್ರೌಸರ್‌ನ ಫೆಚ್ ಆ 302 ಅನ್ನು ನಿಮಗೆ ತೋರಿಸುವುದೇ ಇಲ್ಲ. ತಾನೇ ಹಿಂದೆ ಹೋಗಿ ಕೊನೆಯ ಪುಟವನ್ನು 200 ಅಂತ ತಂದು ಕೈಗೆ ಕೊಡುತ್ತದೆ. ಅಂದರೆ ತಪ್ಪಾದರೂ 200, ಸರಿಯಾದರೂ 200. ನಿಮ್ಮ ಜಾವಾಸ್ಕ್ರಿಪ್ಟ್‌ಗೆ ಎರಡೂ ಒಂದೇ ಥರ ಕಾಣುತ್ತದೆ, ಬಂದದ್ದನ್ನು ಮೋಡಲ್ ಒಳಗೆ ಸುರಿಯುತ್ತದೆ.

ಹಾಗಾಗಿ ಪಾಪ್‌ಅಪ್‌ಗೆ ಬೇರೆಯೇ ಒಪ್ಪಂದ ಬೇಕು. ತಪ್ಪಿದ್ದರೆ ಬರೀ ಫಾರ್ಮ್‌ನ ತುಂಡು ಟೆಂಪ್ಲೇಟ್, 422 ಸ್ಟೇಟಸ್ (ತುಂಬಿದ್ದು ಸರಿಯಿಲ್ಲ ಅಂತ). ಸರಿಯಾದರೆ ರೀಡೈರೆಕ್ಟ್ ಬೇಡವೇ ಬೇಡ, ಹೊಸ ಬೆಳೆಗಾರನ ಐಡಿ ಮತ್ತು ಹೆಸರು ಇರುವ ಸಣ್ಣ ಉತ್ತರ ಸಾಕು. ಫಾರ್ಮ್_ಇನ್‌ವ್ಯಾಲಿಡ್, ಫಾರ್ಮ್_ವ್ಯಾಲಿಡ್ ಎರಡು ಮೆಥಡ್ ಓವರ್‌ರೈಡ್ ಮಾಡಿದರೆ ಆಯಿತು. ಪರಿಶೀಲನೆ ಸರ್ವರ್‌ನಲ್ಲೇ ಇರಲಿ, ಮೋಡಲ್ ಬರೀ ಚೌಕಟ್ಟು.

ಚಂದ್ರಗಿರಿ_ತೀರ
ರೆಸ್ಪಾನ್ಸ್‌ನಲ್ಲಿ ರೀಡೈರೆಕ್ಟೆಡ್ ಅಂತ ಒಂದು ಗುಣ ಉಂಟಲ್ಲ. ಅದು ಟ್ರೂ ಆಗಿದ್ದರೆ ಮೋಡಲ್ ಮುಚ್ಚಿಬಿಡಬಹುದು. ವ್ಯೂ ಮುಟ್ಟುವುದೇ ಬೇಡ.

ಪೆರ್ಲದ_ಪೈಥಾನ್
ಮಾಡಬಹುದು. ಆದರೆ ಲಾಗಿನ್ ಅವಧಿ ಮುಗಿದಾಗಲೂ ಅದು ಟ್ರೂ ಆಗಿರುತ್ತದೆ. ಲಾಗಿನ್_ರಿಕ್ವೈರ್ಡ್ ಕೂಡ 302 ಕೊಟ್ಟೇ ಲಾಗಿನ್ ಪುಟಕ್ಕೆ ಕಳಿಸುವುದು. ಏನೂ ಸೇವ್ ಆಗಿರುವುದಿಲ್ಲ, ಮೋಡಲ್ ಮಾತ್ರ ನಗುತ್ತಾ ಮುಚ್ಚಿಕೊಳ್ಳುತ್ತದೆ. ಅಂಗಡಿಯವರು ಸೇವ್ ಆಯಿತು ಅಂದುಕೊಳ್ಳುತ್ತಾರೆ. ಇದು ಪುಟದೊಳಗೆ ಪುಟ ಬರುವುದಕ್ಕಿಂತ ಕೆಟ್ಟದ್ದು ಅಲ್ವಾ?

ಚಂದ್ರಗಿರಿ_ತೀರ
ಹೌದು, ಅದು ಸರಿ. ಹಾಗಾದರೆ ಪಾಪ್‌ಅಪ್ ವಿನಂತಿಗೆ ಲಾಗಿನ್ ಇಲ್ಲದಿದ್ದರೆ 401 (ಮೊದಲು ಲಾಗಿನ್ ಆಗಿ ಅನ್ನುವ ಸಂಕೇತ) ಕೊಡಬೇಕು.

ಮುಳ್ಳೇರಿಯ_ಅಕ್ಕ
ಇಷ್ಟೆಲ್ಲ ಜಾವಾಸ್ಕ್ರಿಪ್ಟ್ ಯಾಕೆ ಬರೆಯುತ್ತೀರಿ? ಎಚ್‌ಟಿಎಂಎಕ್ಸ್ ಹಾಕಿ, ಎಚ್‌ಟಿಎಂಎಲ್ ಗುಣಗಳಿಂದಲೇ ಸರ್ವರ್ ಜೊತೆ ಮಾತಾಡುವ ಲೈಬ್ರರಿ ಅದು. ನಮ್ಮ ಆಫೀಸಿನ ಎಲ್ಲ ಪಾಪ್‌ಅಪ್ ಫಾರ್ಮ್‌ಗಳೂ ಅದರಲ್ಲೇ ಓಡುತ್ತಿವೆ. ಪ್ಲಸ್ ಬಟನ್‌ಗೆ ಎಚ್‌ಎಕ್ಸ್-ಗೆಟ್, ಫಾರ್ಮ್‌ಗೆ ಎಚ್‌ಎಕ್ಸ್-ಪೋಸ್ಟ್. ತಪ್ಪಿದ್ದರೆ ಫಾರ್ಮ್ ತುಂಡು ವಾಪಸ್, ಅದೇ ಜಾಗದಲ್ಲಿ ಕೆಂಪು ಅಕ್ಷರದ ಜೊತೆ ಕೂರುತ್ತದೆ. ಸರಿಯಾದರೆ ಸರ್ವರ್‌ನಿಂದ 204 (ಸರಿಯಾಯಿತು, ತೋರಿಸಲು ಏನೂ ಇಲ್ಲ), ಜೊತೆಗೆ ಎಚ್‌ಎಕ್ಸ್-ಟ್ರಿಗರ್ ಹೆಡರ್‌ನಲ್ಲಿ ಒಂದು ಈವೆಂಟ್ ಹೆಸರು. 204 ಬಂದರೆ ಎಚ್‌ಟಿಎಂಎಕ್ಸ್ ಏನನ್ನೂ ಬದಲಿಸುವುದಿಲ್ಲ, ಈವೆಂಟ್ ಮಾತ್ರ ಹಾರಿಸುತ್ತದೆ. ಆ ಈವೆಂಟ್ ಕೇಳಿ ಮೋಡಲ್ ಮುಚ್ಚುವುದು, ಡ್ರಾಪ್‌ಡೌನ್ ಹೊಸದು ಮಾಡುವುದು. ನಾಲ್ಕೈದು ಸಾಲಿನ ಜಾವಾಸ್ಕ್ರಿಪ್ಟ್.

ಅವಧಿ ಮುಗಿದ ಲಾಗಿನ್‌ಗೆ ಎಚ್‌ಎಕ್ಸ್-ರೀಡೈರೆಕ್ಟ್ ಹೆಡರ್ ಕೊಡಿ, ಇಡೀ ಪುಟವೇ ಲಾಗಿನ್‌ಗೆ ಹೋಗುತ್ತದೆ. ಆದರೆ 302 ಜೊತೆ ಆ ಹೆಡರ್ ಹಾಕಿದರೆ ಪ್ರಯೋಜನ ಇಲ್ಲ, ಬ್ರೌಸರ್ ಮೊದಲೇ ನುಂಗಿಬಿಡುತ್ತದೆ. 200 ಅಥವಾ 204 ಜೊತೆ ಕೊಡಬೇಕು.

ಒಳ್ಳೆಮೆಣಸು
ಅಕ್ಕಾ, ಪೆರ್ಲದವರು 422 ಅಂದರು, ನೀವು ಎಚ್‌ಟಿಎಂಎಕ್ಸ್ ಅನ್ನುತ್ತೀರಿ. ಎರಡೂ ಸೇರಿಸಿದರೆ ಆಗುವುದಿಲ್ಲ. ಎಚ್‌ಟಿಎಂಎಕ್ಸ್ 400ರ ಮೇಲಿನ ಉತ್ತರಗಳನ್ನು ತಾನಾಗಿ ಪುಟಕ್ಕೆ ಹಾಕುವುದಿಲ್ಲ. ಸೇವ್ ಒತ್ತಿದರೆ ಏನೂ ಆಗದ ಹಾಗೆ ಕಾಣುತ್ತದೆ, ಕನ್ಸೋಲ್ ನೋಡಿದರೆ ಮಾತ್ರ ಗೊತ್ತಾಗುವುದು.

ಮುಳ್ಳೇರಿಯ_ಅಕ್ಕ
ಅದಕ್ಕೇ ನಾವು 200ರಲ್ಲೇ ಕಳಿಸುವುದು. ಜಾಂಗೊ ಹೇಗೂ ಅದನ್ನೇ ಕೊಡುತ್ತದೆ. 422 ಬೇಕೇ ಬೇಕು ಅನ್ನುವವರಿಗೆ 2.0 ಆವೃತ್ತಿಯಲ್ಲಿ ರೆಸ್ಪಾನ್ಸ್‌ಹ್ಯಾಂಡ್ಲಿಂಗ್ ಅಂತ ಸೆಟ್ಟಿಂಗ್ ಉಂಟು, ಅಲ್ಲಿ 422ಕ್ಕೆ ಸ್ವಾಪ್ ಮಾಡು ಅಂತ ಬರೆದರೆ ಸರಿ.

ಪೆರ್ಲದ_ಪೈಥಾನ್
ತಪ್ಪಾದ ಫಾರ್ಮ್‌ಗೆ 200 ಕೊಡುವುದು ನನಗೆ ಹಿಡಿಸುವುದಿಲ್ಲ. ಲಾಗ್‌ನಲ್ಲಿ ಎಲ್ಲ ಚೆನ್ನಾಗಿದ್ದ ಹಾಗೆ ಕಾಣುತ್ತದೆ.

ಮುಳ್ಳೇರಿಯ_ಅಕ್ಕ
ಬೆಳೆಗಾರರ ಫೋನ್ ನಂಬರಿನಲ್ಲಿ ಒಂದು ಅಂಕೆ ಬಿಟ್ಟುಹೋದದ್ದನ್ನು ಲಾಗ್‌ನಲ್ಲಿ ನೋಡಿ ನೀವು ಏನು ಮಾಡುತ್ತೀರಿ ತಮ್ಮಾ?

ಉಪ್ಪಳ_ಲೋಕಲ್
😂😂

ಗಡಿನಾಡ_ಗಣಕ
ಎಲ್ಲರೂ 422, 200 ಅಂತ ಜಗಳ ಮಾಡುತ್ತಿದ್ದೀರಿ, ಅವರ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪಾಪ್‌ಅಪ್‌ನ ಸೇವ್ ಒತ್ತಿದರೆ ಬಿಲ್ ಸೇವ್ ಆಗುವುದು ಯಾಕೆ? ಕರಿಗೋಟು ಅವರೇ, ಆ ಪುಟಗಳಲ್ಲಿ ಮೋಡಲ್‌ನ ಡಿವ್ ಎಲ್ಲಿ ಬರೆದಿದ್ದೀರಿ? ಬಿಲ್‌ನ ಫಾರ್ಮ್ ಟ್ಯಾಗ್ ಒಳಗೆ ಉಂಟಾ?

ಕರಿಗೋಟು
ಹೌದು, ಪ್ಲಸ್ ಬಟನ್‌ನ ಕೆಳಗೇ ಇನ್‌ಕ್ಲೂಡ್ ಮಾಡಿದ್ದೇನೆ. ಬಟನ್ ಬಿಲ್ ಫಾರ್ಮ್ ಒಳಗೆ ಇರುವ ಕಾರಣ ಮೋಡಲ್ ಕೂಡ ಒಳಗೇ.

ಗಡಿನಾಡ_ಗಣಕ
ಅಲ್ಲಿಯೇ ಉಂಟು ರೋಗ. ಎಚ್‌ಟಿಎಂಎಲ್‌ನಲ್ಲಿ ಫಾರ್ಮ್ ಒಳಗೆ ಫಾರ್ಮ್ ಇರುವ ಹಾಗಿಲ್ಲ. ಬ್ರೌಸರ್ ಬೈಯುವುದೂ ಇಲ್ಲ, ಒಳಗಿನ ಫಾರ್ಮ್ ಟ್ಯಾಗನ್ನು ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಆಗ ಒಳಗಿನ ಇನ್‌ಪುಟ್, ಬಟನ್ ಎಲ್ಲ ಹೊರಗಿನ ಬಿಲ್ ಫಾರ್ಮ್‌ಗೆ ಸೇರುತ್ತವೆ. ಅಷ್ಟೇ ಅಲ್ಲ, ಒಳಗಿನದರ ಮುಚ್ಚುವ ಟ್ಯಾಗ್ ಬಂದಾಗ ಹೊರಗಿನ ಫಾರ್ಮ್ ಮುಚ್ಚಿಕೊಳ್ಳುತ್ತದೆ. ಅದರ ಕೆಳಗೆ ಇರುವ ಇನ್‌ಪುಟ್‌ಗಳು ಯಾರಿಗೂ ಸೇರದೆ ಅನಾಥ. ಬಿಲ್‌ನ ಕೊನೆಯ ಸಾಲುಗಳು ಸೇವ್ ಆಗುತ್ತಿಲ್ಲ ಅಂತ ಯಾರಾದರೂ ಹೇಳಿದ್ದಾರಾ? ಹೇಳಿದ್ದರೆ ಅದೂ ಇದೇ. ಆಮೇಲೆ ಫೆಚ್‌ನಿಂದ ತಂದು ಇನ್ನರ್‌ಎಚ್‌ಟಿಎಂಎಲ್‌ಗೆ ಹಾಕಿದರೂ ಅಷ್ಟೇ, ಮೇಲೆ ಎಲ್ಲೋ ಫಾರ್ಮ್ ಇದ್ದರೆ ಒಳಗಿನದನ್ನು ಕಿತ್ತುಹಾಕುತ್ತದೆ.

ಮೋಡಲ್‌ನ ಖಾಲಿ ಡಿವ್ ಒಂದನ್ನು ಬೇಸ್ ಟೆಂಪ್ಲೇಟ್‌ನಲ್ಲಿ, ಬಾಡಿ ಮುಚ್ಚುವ ಮೊದಲು ಇಡಿ. ಎಲ್ಲ ಪುಟಕ್ಕೂ ಅದೊಂದೇ ಸಾಕು.

ಕರಿಗೋಟು
ಅಯ್ಯೋ, ಕೊನೆಯ ಸಾಲಿನ ದೂರು ಇತ್ತು. ನೆಟ್‌ನ ತೊಂದರೆ ಅಂದುಕೊಂಡಿದ್ದೆವು. ಇವತ್ತೇ ಬದಲಾಯಿಸುತ್ತೇನೆ.

ಒಳ್ಳೆಮೆಣಸು
ಜೊತೆಗೆ ರದ್ದು ಬಟನ್ ಕೂಡ ನೋಡಿಕೊಳ್ಳಿ. ಫಾರ್ಮ್ ಒಳಗಿನ ಬಟನ್‌ಗೆ ಟೈಪ್ ಕೊಡದಿದ್ದರೆ ಅದು ಸಬ್‌ಮಿಟ್ ಬಟನ್. ರದ್ದು ಒತ್ತಿದರೆ ಸೇವ್ ಆಗುವ ಆ್ಯಪ್‌ಗಳನ್ನು ಎಷ್ಟೋ ನೋಡಿದ್ದೇನೆ.

ನೀರ್ಚಾಲು_ನೋಡ್
ಹಾಗೇ ಐಡಿ ಜಗಳ. ಬಿಲ್ ಫಾರ್ಮ್‌ನಲ್ಲಿ ಫೋನ್ ಅಂತ ಫೀಲ್ಡ್, ಪಾಪ್‌ಅಪ್‌ನಲ್ಲೂ ಫೋನ್ ಅಂತ ಫೀಲ್ಡ್. ಜಾಂಗೊ ಎರಡಕ್ಕೂ ಒಂದೇ ಐಡಿ ಕೊಡುತ್ತದೆ. ಪಾಪ್‌ಅಪ್‌ನ ಲೇಬಲ್ ಒತ್ತಿದರೆ ಕರ್ಸರ್ ಹಿಂದಿನ ಪುಟದಲ್ಲಿ ಹೋಗಿ ಕೂರುತ್ತದೆ. ಫಾರ್ಮ್ ಮಾಡುವಾಗ ಪ್ರಿಫಿಕ್ಸ್ (ಹೆಸರಿನ ಮುಂದೆ ಸೇರುವ ಗುರುತು) ಕೊಡಿ. ತೋರಿಸುವಾಗ, ಪೋಸ್ಟ್ ತೆಗೆದುಕೊಳ್ಳುವಾಗ ಎರಡು ಕಡೆಯೂ ಅದೇ ಪ್ರಿಫಿಕ್ಸ್ ಇರಬೇಕು, ಇಲ್ಲದಿದ್ದರೆ ಎಲ್ಲ ಫೀಲ್ಡೂ ಖಾಲಿ ಅನ್ನುತ್ತದೆ.

ಹೊಸಂಗಡಿ_ಹೊಸಬ
ನಾನು ಫ್ಲಾಸ್ಕ್‌ನಲ್ಲಿ (ಇನ್ನೊಂದು ಪೈಥಾನ್ ವೆಬ್ ಚೌಕಟ್ಟು) ಇದೇ ಥರ ಮಾಡಿದ್ದೇನೆ, ಅದರ ಫಾರ್ಮ್ ಲೈಬ್ರರಿ ಫ್ಲಾಸ್ಕ್-ಡಬ್ಲ್ಯುಟಿಎಫ್ ಬಳಸಿ. ಬೆಳಗ್ಗೆ ಎಲ್ಲ ಚೆನ್ನಾಗಿ ಓಡುತ್ತದೆ, ಮಧ್ಯಾಹ್ನ ಊಟ ಮಾಡಿ ಬಂದು ಪಾಪ್‌ಅಪ್ ಸೇವ್ ಮಾಡಿದರೆ 400 ಎರರ್. ಪುಟ ರಿಫ್ರೆಶ್ ಮಾಡಿದರೆ ಸರಿ. ಏನಿದು?

ಗಡಿನಾಡ_ಗಣಕ
ಸಿಎಸ್‌ಆರ್‌ಎಫ್ ಟೋಕನ್, ಅಂದರೆ ವಿನಂತಿ ನಿಮ್ಮದೇ ಪುಟದಿಂದ ಬಂತು ಅಂತ ತೋರಿಸುವ ಗುಟ್ಟಿನ ಚೀಟಿ, ಹಳಸಿದೆ. ಫ್ಲಾಸ್ಕ್-ಡಬ್ಲ್ಯುಟಿಎಫ್‌ನಲ್ಲಿ ಅದಕ್ಕೆ 3600 ಸೆಕೆಂಡ್ ಆಯುಷ್ಯ, ಅಂದರೆ ಒಂದು ಗಂಟೆ. ನೀವು ಪುಟ ತೆರೆದಾಗಲೇ ಟೋಕನ್ ಬರೆದು ಇಟ್ಟಿದ್ದೀರಿ, ಊಟ ಮುಗಿಯುವಾಗ ಅದು ಸತ್ತಿರುತ್ತದೆ. ಪಾಪ್‌ಅಪ್ ತೆರೆದಾಗಲೆಲ್ಲ ಫಾರ್ಮನ್ನು ಸರ್ವರ್‌ನಿಂದ ಹೊಸದಾಗಿ ತರಿಸಿ, ಹೊಸ ಟೋಕನ್ ಜೊತೆಗೇ ಬರುತ್ತದೆ. ಟೈಮ್ ಲಿಮಿಟ್ ಸೆಟ್ಟಿಂಗನ್ನು None (ಮಿತಿ ಇಲ್ಲ) ಮಾಡಿದರೆ ಸೆಷನ್ ಇರುವವರೆಗೂ ನಡೆಯುತ್ತದೆ, ಆದರೆ ನಾನು ಮೊದಲಿನದ್ದೇ ಮಾಡುವುದು.

ಜಾಂಗೊದಲ್ಲಿ ಗಂಟೆಯ ಲೆಕ್ಕ ಇಲ್ಲ. ಅಲ್ಲಿ ಬೇರೆ ಕಥೆ. ಲಾಗಿನ್ ಆದಾಗ ಟೋಕನ್ ಬದಲಾಗುತ್ತದೆ. ಅಂಗಡಿಯ ಒಂದೇ ಕಂಪ್ಯೂಟರ್‌ನಲ್ಲಿ ಒಬ್ಬರು ಬಿಲ್ ಪುಟ ತೆರೆದಿಟ್ಟಿರುತ್ತಾರೆ, ಇನ್ನೊಬ್ಬರು ಪಕ್ಕದ ಟ್ಯಾಬ್‌ನಲ್ಲಿ ತಮ್ಮ ಹೆಸರಿನಲ್ಲಿ ಲಾಗಿನ್ ಆಗುತ್ತಾರೆ. ಮೊದಲಿನವರ ಪಾಪ್‌ಅಪ್ ಆಮೇಲೆ 403, ಅಂದರೆ ಅನುಮತಿ ಇಲ್ಲ.

ಹೊಸಂಗಡಿ_ಹೊಸಬ
ಸಿಎಸ್‌ಆರ್‌ಎಫ್ ಎಕ್ಸೆಂಪ್ಟ್ ಹಾಕಿ ಆ ಪರೀಕ್ಷೆಯನ್ನೇ ತೆಗೆದುಬಿಟ್ಟರೆ?

ಮುಳ್ಳೇರಿಯ_ಅಕ್ಕ
ಬೇಡಪ್ಪ. ಬೇರೆ ಯಾವುದೋ ಸೈಟ್ ತೆರೆದಾಗ ಅದು ನಿಮ್ಮ ಬಳಕೆದಾರರ ಹೆಸರಿನಲ್ಲಿ ಬ್ಯಾಂಕ್ ಖಾತೆ ಬದಲಾಯಿಸುವ ವಿನಂತಿ ಕಳಿಸಬಹುದು. ಅಡಿಕೆಯ ದುಡ್ಡು ಯಾರ ಖಾತೆಗೆ ಹೋಗುತ್ತದೆ ಅಂತ ಯೋಚಿಸಿ.

ಚಂದ್ರಗಿರಿ_ತೀರ
ನನ್ನದೊಂದು ಸಣ್ಣ ಪ್ರಶ್ನೆ. ಒಂದೇ ವ್ಯೂ ಪಾಪ್‌ಅಪ್‌ಗೂ ಮಾಮೂಲಿ ಪುಟಕ್ಕೂ ಬೇಕು. ರಿಕ್ವೆಸ್ಟ್ ಡಾಟ್ ಈಸ್_ಅಜಾಕ್ಸ್ (ವಿನಂತಿ ಜಾವಾಸ್ಕ್ರಿಪ್ಟ್‌ನಿಂದ ಬಂತಾ ಅಂತ ನೋಡುವುದು) ಅಂತ ಹಳೆಯ ಉತ್ತರಗಳಲ್ಲಿ ಎಲ್ಲ ಕಡೆ ಉಂಟು, ನನಗೆ ಎರರ್ ಬರುತ್ತದೆ.

ನೀರ್ಚಾಲು_ನೋಡ್
ಜಾಂಗೊ 3.1ರಲ್ಲಿ ಬೇಡ ಅಂದರು, 4.0ರಲ್ಲಿ ತೆಗೆದೇ ಹಾಕಿದರು. ಅದು ನೋಡುತ್ತಿದ್ದದ್ದು ಜೆಕ್ವೆರಿ ಕಳಿಸುವ ಎಕ್ಸ್-ರಿಕ್ವೆಸ್ಟೆಡ್-ವಿತ್ ಹೆಡರ್. ಫೆಚ್ ಅದನ್ನು ತಾನಾಗಿ ಕಳಿಸುವುದಿಲ್ಲ. ನಿಮ್ಮದೇ ಹೆಡರ್ ಒಂದು ಕಳಿಸಿ ಅದನ್ನು ನೋಡಿ. ಎಚ್‌ಟಿಎಂಎಕ್ಸ್ ಆದರೆ ಎಚ್‌ಎಕ್ಸ್-ರಿಕ್ವೆಸ್ಟ್ ಹೆಡರ್ ಹೇಗೂ ಬರುತ್ತದೆ. ಕ್ಯಾಶ್ ಇದ್ದರೆ ಯಾವ ಹೆಡರ್‌ಗೆ ಯಾವ ಪ್ರತಿ ಅಂತ ಅದಕ್ಕೆ ತಿಳಿಸುವ ವೇರಿ ಹೆಡರ್ ಮರೆಯಬೇಡಿ, ಇಲ್ಲದಿದ್ದರೆ ಬ್ಯಾಕ್ ಒತ್ತಿದಾಗ ಬರೀ ಫಾರ್ಮ್ ತುಂಡು ಬೋಳು ಬೋಳಾಗಿ ಕಾಣುತ್ತದೆ.

ಉಪ್ಪಳ_ಲೋಕಲ್
ಇಷ್ಟೆಲ್ಲ ಓದಿದ ಮೇಲೂ ನನ್ನ ಅಭಿಪ್ರಾಯ ಒಂದೇ. ಬೇರೆ ಪುಟ ಮಾಡಿ, ಬಿಲ್ಲನ್ನು ಕರಡು ಅಂತ ಸೇವ್ ಮಾಡಿ ಇಡಿ. ಜಾಂಗೊ ಅಡ್ಮಿನ್ ನೋಡಿ, ಅದರ ಪ್ಲಸ್ ಬಟನ್ ಮೋಡಲ್ ಅಲ್ಲ, ಹೊಸ ಕಿಟಕಿಯನ್ನೇ ತೆರೆಯುತ್ತದೆ. ಯುಆರ್‌ಎಲ್‌ನಲ್ಲಿ _ಪಾಪ್‌ಅಪ್=1 ಅಂತ ಇರುತ್ತದೆ. ಸೇವ್ ಆದ ಮೇಲೆ ಒಂದು ಪುಟ್ಟ ಪುಟ ಬಂದು, ತೆರೆದ ಕಿಟಕಿಗೆ ಹೊಸ ಐಡಿ ಕೊಟ್ಟು, ತಾನು ಮುಚ್ಚಿಕೊಳ್ಳುತ್ತದೆ. ಅದನ್ನೇ ನಕಲು ಮಾಡಿದರೆ ಆಗುವುದಿಲ್ವಾ?

ಮುಳ್ಳೇರಿಯ_ಅಕ್ಕ
ಮೊಬೈಲ್‌ನಲ್ಲಿ ಹೊಸ ಕಿಟಕಿ ಅಂದರೆ ಹೊಸ ಟ್ಯಾಬ್. ಅಂಗಡಿಯವರು ಹಿಂದಿನ ಟ್ಯಾಬ್ ಹುಡುಕುತ್ತಾ ಕೂರುತ್ತಾರೆ. ಆದರೆ ಕರಡು ಸೇವ್ ಮಾಡುವ ಮಾತು ಒಪ್ಪುತ್ತೇನೆ, ಪಾಪ್‌ಅಪ್ ಇದ್ದರೂ ಇಲ್ಲದಿದ್ದರೂ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಯಾರಿಗೆ ಗೊತ್ತು.

ಮಧೂರು_ಮಳೆ
ಕರೆಂಟ್ ಬಿಡಿ, ನೆಟ್ ನಿಧಾನ ಇದ್ದಾಗ ಸೇವ್ ಬಟನ್ ಎರಡೆರಡು ಸಲ ಒತ್ತುತ್ತಾರಲ್ಲ, ಅದಕ್ಕೆ ಏನು ಮಾಡುತ್ತೀರಿ? ನಾನು ಮಾಡಿಕೊಟ್ಟ ಕಡೆ ಒಬ್ಬರೇ ಬೆಳೆಗಾರ ಮೂರು ಮೂರು ಸಲ ಪಟ್ಟಿಯಲ್ಲಿ ಬರುತ್ತಿದ್ದರು.

ಒಳ್ಳೆಮೆಣಸು
ಬಟನ್ ಡಿಸೇಬಲ್ ಮಾಡಿ. ಎಚ್‌ಟಿಎಂಎಕ್ಸ್‌ನಲ್ಲಿ ಎಚ್‌ಎಕ್ಸ್-ಡಿಸೇಬಲ್ಡ್-ಎಲ್ಟ್ ಅಂತ ಗುಣವೇ ಉಂಟು.

ಗಡಿನಾಡ_ಗಣಕ
ಬಟನ್ ಡಿಸೇಬಲ್ ಮಾಡುವುದು ಕಣ್ಣಿಗೆ ಮಾತ್ರ. ನಿಜವಾದ ಬೇಲಿ ಡೇಟಾಬೇಸ್‌ನಲ್ಲಿ ಇರಬೇಕು. ಒಂದೇ ವಿವರ ಎರಡು ಸಲ ಸೇರದಂತೆ ತಡೆಯುವ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ.

ಮಧೂರು_ಮಳೆ
ಯಾವುದರ ಮೇಲೆ? ಫೋನ್ ಮೇಲೆ ಹಾಕಿ ನೋಡಿದೆವು, ನಡೆಯಲಿಲ್ಲ. ಒಂದು ಮನೆಯಲ್ಲಿ ಅಪ್ಪ, ಮಗ, ಸೊಸೆ ಮೂವರ ಹೆಸರಿನಲ್ಲೂ ತೋಟ ಇರುತ್ತದೆ, ಫೋನ್ ನಂಬರ್ ಮಗನದ್ದೊಂದೇ. ಹೆಸರಿನ ಮೇಲಂತೂ ಸಾಧ್ಯವೇ ಇಲ್ಲ, ಒಂದು ವಾರ್ಡ್‌ನಲ್ಲೇ ಒಂದೇ ಹೆಸರಿನ ಭಟ್ರು ಎಷ್ಟು ಜನ.

ಗಡಿನಾಡ_ಗಣಕ
ಹೆಸರು, ಮನೆ ಹೆಸರು, ವಾರ್ಡ್ ಮೂರೂ ಸೇರಿಸಿ ಒಂದು ಕನ್‌ಸ್ಟ್ರೇಂಟ್. ಇಲ್ಲವೇ ಪಾಪ್‌ಅಪ್ ತೆರೆಯುವಾಗಲೇ ಸರ್ವರ್ ಒಂದು ಯುಯುಐಡಿ (ಮತ್ತೆ ಬಾರದ ಉದ್ದ ಗುರುತು) ಕೊಟ್ಟು ಅಡಗಿಸಿದ ಫೀಲ್ಡ್‌ನಲ್ಲಿ ಇಡಲಿ, ಅದು ಯುನೀಕ್ ಆಗಿರಲಿ. ಅದೇ ಫಾರ್ಮ್ ಎರಡನೇ ಸಲ ಬಂದರೆ ಎರರ್ ತೋರಿಸಬೇಡಿ, ಮೊದಲು ಸೇವ್ ಆದವರನ್ನೇ ವಾಪಸ್ ಕೊಡಿ.

ನೀರ್ಚಾಲು_ನೋಡ್
ಹೆಸರಿನ ಮೇಲೆ ಕನ್‌ಸ್ಟ್ರೇಂಟ್ ಹಾಕುವವರು ಕನ್ನಡದಲ್ಲಿ ಟೈಪ್ ಮಾಡಿಸುತ್ತಿದ್ದರೆ ಇದನ್ನು ಓದಿ. ನಮ್ಮ ಊರು ನೀರ್ಚಾಲಿನ ಹೆಸರನ್ನೇ ಒಬ್ಬರು ಅರ್ಕಾವೊತ್ತು ಬರುವ ಹಾಗೆ ಬರೆಯುತ್ತಾರೆ, ಇನ್ನೊಬ್ಬರು ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರ, ಅಂದರೆ ಝಡ್‌ಡಬ್ಲ್ಯುಜೆ ಹಾಕಿ ಬೇರೆ ರೂಪದಲ್ಲಿ ಬರೆಯುತ್ತಾರೆ. ಓದುವವರಿಗೆ ಒಂದೇ ಊರು, ಡೇಟಾಬೇಸ್‌ಗೆ ಎರಡು. ಹಾಗೇ ‘ಕೋ’ದ ದೀರ್ಘ ಸ್ವರ ಒಂದೇ ಸಂಕೇತವಾಗಿಯೂ ಬರಬಹುದು, ತುಂಡು ತುಂಡಾಗಿಯೂ ಬರಬಹುದು. ತುಂಡಿನದ್ದನ್ನು ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಸೇರಿಸುವ ಕ್ರಮ) ಮಾಡಿದರೆ ಸರಿಯಾಗುತ್ತದೆ. ಜೋಡಕ ಅದರಲ್ಲಿ ಹೋಗುವುದಿಲ್ಲ, ಹೋಲಿಸುವ ಮೊದಲು ಕೈಯಾರೆ ತೆಗೆಯಬೇಕು. ಇದನ್ನೆಲ್ಲ ಫಾರ್ಮ್‌ನ ಕ್ಲೀನ್ ಮೆಥಡ್‌ನಲ್ಲಿ ಮಾಡಿ.

ಇನ್ನೊಂದು ಜಾಸ್ತಿ ತಲೆ ತಿನ್ನುವುದು. ಹೆಸರಿಗೆ ಅಕ್ಷರ ಮಾತ್ರ ಇರಲಿ ಅಂತ ರೆಜೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ ಸೂತ್ರ) ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಹಾಕುತ್ತಾರೆ. ಪೈಥಾನ್‌ನ ರೀ ಮಾಡ್ಯೂಲ್‌ಗೆ ನಮ್ಮ ಕಾಗುಣಿತದ ಗುರುತುಗಳು ಅಕ್ಷರವೇ ಅಲ್ಲ. ‘ಕಮಲ’ ಪಾಸ್, ‘ಸೀತಾ’ ಫೇಲ್. ಕನ್ನಡ ಬೇಕಾದರೆ ಯುನಿಕೋಡ್ ಬ್ಲಾಕನ್ನೇ ಕೊಡಬೇಕು, 0ಸಿ80ರಿಂದ 0ಸಿಎಫ್‌ಎಫ್‌ವರೆಗೆ.

ಹೊಸಂಗಡಿ_ಹೊಸಬ
ಸೀತಕ್ಕನಿಗೆ ಅಡಿಕೆ ಮಾರುವ ಹಕ್ಕಿಲ್ಲ ಅಂತಾಯಿತು 😀

ಕರಿಗೋಟು
ನೀರ್ಚಾಲಿನವರೇ, ಮಲಯಾಳದವರೂ ಬಳಸುತ್ತಾರೆ, ಲೇಬಲ್ ಎರಡು ಭಾಷೆಯಲ್ಲೂ ಬೇಕು. ಪುಟ ಕನ್ನಡದಲ್ಲಿ ಉಂಟು, ಪಾಪ್‌ಅಪ್ ಫಾರ್ಮ್ ಮಾತ್ರ ಇಂಗ್ಲಿಷ್‌ನಲ್ಲಿ ಬರುತ್ತದೆ.

ನೀರ್ಚಾಲು_ನೋಡ್
ಫಾರ್ಮ್ ಕ್ಲಾಸ್‌ನಲ್ಲಿ ಲೇಬಲ್‌ಗೆ ಅನುವಾದ ತರುವ ಗೆಟ್‌ಟೆಕ್ಸ್ಟ್ ಹಾಕಿದ್ದೀರಾ? ಹಾಗಾದರೆ ಸರ್ವರ್ ಶುರುವಾಗುವಾಗಲೇ ಭಾಷೆ ಗಟ್ಟಿಯಾಗಿ ಬಿಡುತ್ತದೆ. ಗೆಟ್‌ಟೆಕ್ಸ್ಟ್_ಲೇಜಿ ಹಾಕಬೇಕು. ಜಾಂಗೊದ ಸ್ವಂತ ಸಂದೇಶಗಳಿಗೆ ಕನ್ನಡ, ಮಲಯಾಳ ಎರಡರ ಅನುವಾದವೂ ಜೊತೆಗೇ ಬರುತ್ತದೆ, ಎಲ್ಲವೂ ಪೂರ್ತಿ ಇರುವುದಿಲ್ಲ ಅಷ್ಟೇ. ಯುಆರ್‌ಎಲ್‌ನಲ್ಲಿ ಭಾಷೆಯ ಪ್ರಿಫಿಕ್ಸ್ ಇದ್ದರೆ ಜಾವಾಸ್ಕ್ರಿಪ್ಟ್‌ನಲ್ಲಿ ಯುಆರ್‌ಎಲ್ ಕೈಯಲ್ಲಿ ಬರೆಯಬೇಡಿ. ಪ್ರಿಫಿಕ್ಸ್ ಇಲ್ಲದ ವಿಳಾಸಕ್ಕೆ ಪೋಸ್ಟ್ ಮಾಡಿದರೆ ಲೊಕೇಲ್ ಮಿಡಲ್‌ವೇರ್ 302 ಕೊಡುತ್ತದೆ, ಪೋಸ್ಟ್ ಹೋಗಿ ಗೆಟ್ ಆಗುತ್ತದೆ, ತುಂಬಿದ್ದೆಲ್ಲ ಮಾಯ. ಯುಆರ್‌ಎಲ್ ಟ್ಯಾಗ್‌ನಿಂದಲೇ ಟೆಂಪ್ಲೇಟ್‌ನಲ್ಲಿ ಬರೆಸಿ.

ಉಪ್ಪಳ_ಲೋಕಲ್
ನಮ್ಮ ಕಡೆ ಬಸ್ ಬೋರ್ಡ್‌ಗೇ ಎರಡು ಭಾಷೆ ಸರಿಯಾಗಿ ಬರುವುದಿಲ್ಲ, ನೀವು ಪಾಪ್‌ಅಪ್‌ಗೆ ಮಾಡುತ್ತಿದ್ದೀರಿ. ಭೇಷ್. ಅಂದ ಹಾಗೆ ಹಳತಿಗೆ ಈಗ ಎಷ್ಟು ದರ?

ಮಧೂರು_ಮಳೆ
ಅಡಿಕೆ ದರಕ್ಕೆ ಬೇರೆ ಎಳೆ ಉಂಟು, ಅಲ್ಲಿಗೆ ಹೋಗಿ ಮಾರಾಯ್ರೆ.

ಚಂದ್ರಗಿರಿ_ತೀರ
ಬೂಟ್‌ಸ್ಟ್ರ್ಯಾಪ್ ಮೋಡಲ್ ಬಿಟ್ಟು ಬ್ರೌಸರ್‌ನದ್ದೇ ಡೈಲಾಗ್ ಟ್ಯಾಗ್ ಯಾರಾದರೂ ಬಳಸುತ್ತಿದ್ದೀರಾ? 2022ರ ಮಾರ್ಚ್‌ನಿಂದ ಫೈರ್‌ಫಾಕ್ಸ್, ಸಫಾರಿ ಎರಡರಲ್ಲೂ ಬಂದಿದೆ, ಕ್ರೋಮ್‌ನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ಶೋಮೋಡಲ್ ಕರೆದರೆ ಹಿಂದಿನ ಪುಟ ತಾನಾಗಿ ನಿಷ್ಕ್ರಿಯ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಲೈಬ್ರರಿಯೇ ಬೇಡ.

ಒಳ್ಳೆಮೆಣಸು
ಬಳಸುತ್ತಿದ್ದೇನೆ, ಚೆನ್ನಾಗಿದೆ. ಆದರೆ ಸೆಲೆಕ್ಟ್2 ಥರದ ಡ್ರಾಪ್‌ಡೌನ್, ಹಳೆಯ ಡೇಟ್‌ಪಿಕರ್ ಇದ್ದರೆ ಎಚ್ಚರ. ಅವು ತಮ್ಮ ಪಟ್ಟಿಯನ್ನು ಬಾಡಿಯ ಕೊನೆಗೆ ಅಂಟಿಸುತ್ತವೆ. ಡೈಲಾಗ್ ಎಲ್ಲದರ ಮೇಲಿನ ಪದರದಲ್ಲಿ ಕೂರುತ್ತದೆ, ಝಡ್-ಇಂಡೆಕ್ಸ್ ಎಷ್ಟು ಸೊನ್ನೆ ಹಾಕಿದರೂ ಪಟ್ಟಿ ಹಿಂದೆಯೇ. ಬೂಟ್‌ಸ್ಟ್ರ್ಯಾಪ್‌ನಲ್ಲೂ ಸೆಲೆಕ್ಟ್2ನ ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಲು ಬಿಡುವುದಿಲ್ಲ, ಮೋಡಲ್ ಫೋಕಸ್ ಕಿತ್ತುಕೊಳ್ಳುತ್ತದೆ. ಎರಡಕ್ಕೂ ಮದ್ದು ಒಂದೇ, ಡ್ರಾಪ್‌ಡೌನ್‌ಪೇರೆಂಟ್ ಆಗಿ ಮೋಡಲನ್ನೇ ಕೊಡಬೇಕು.

ಮತ್ತೆ ಫಾರ್ಮ್‌ಗೆ ಮೆಥಡ್ ಡೈಲಾಗ್ ಅಂತ ಕೊಡಬೇಡಿ, ಅದು ಸರ್ವರ್‌ಗೆ ಏನೂ ಕಳಿಸದೆ ಮುಚ್ಚುತ್ತದೆ ಅಷ್ಟೇ.

ಕರಿಗೋಟು
ಮೋಡಲನ್ನು ಬೇಸ್ ಟೆಂಪ್ಲೇಟ್‌ಗೆ ತಂದೆ, ಬಿಲ್ ಸೇವ್ ಆಗುವ ಭೂತ ಹೋಯಿತು. ಕೊನೆಯ ಸಾಲುಗಳೂ ಬರುತ್ತಿವೆ. ಅಕ್ಕ ಹೇಳಿದ 204 ದಾರಿ ಹಿಡಿದಿದ್ದೇನೆ. ಈಗ ಒಂದು ಉಳಿದಿದೆ. ಪಾಸ್‌ಬುಕ್ ಫೋಟೋ ಕೂಡ ಪಾಪ್‌ಅಪ್‌ನಲ್ಲೇ ಹಾಕಬೇಕಂತೆ. ಫೈಲ್ ಸರ್ವರ್‌ಗೆ ಬರುತ್ತಿಲ್ಲ.

ಮುಳ್ಳೇರಿಯ_ಅಕ್ಕ
ಎಚ್‌ಎಕ್ಸ್-ಎನ್‌ಕೋಡಿಂಗ್ ಗುಣಕ್ಕೆ ಮಲ್ಟಿಪಾರ್ಟ್ ಫಾರ್ಮ್-ಡೇಟಾ ಕೊಡಿ. ವ್ಯೂನಲ್ಲಿ ಫಾರ್ಮ್ ಮಾಡುವಾಗ ರಿಕ್ವೆಸ್ಟ್ ಡಾಟ್ ಫೈಲ್ಸ್ ಕೂಡ ಕೊಡಬೇಕು, ಕ್ರಿಯೇಟ್‌ವ್ಯೂ ಆದರೆ ಅದೇ ಕೊಡುತ್ತದೆ.

ಪೆರ್ಲದ_ಪೈಥಾನ್
ಫೆಚ್ ಬಳಸುವವರಿಗೆ: ಫಾರ್ಮ್‌ಡೇಟಾ ಕಳಿಸುವಾಗ ಕಂಟೆಂಟ್-ಟೈಪ್ ಹೆಡರ್ ನೀವು ಬರೆಯಬೇಡಿ. ಬ್ರೌಸರ್ ತಾನೇ ಭಾಗಗಳನ್ನು ಬೇರ್ಪಡಿಸುವ ಬೌಂಡರಿ ಗುರುತು ಸೇರಿಸಿ ಬರೆಯುತ್ತದೆ. ನೀವು ಬರೆದರೆ ಬೌಂಡರಿ ಇರುವುದಿಲ್ಲ, ಜಾಂಗೊಗೆ ಬಿಡಿಸಿ ಓದಲು ಆಗುವುದಿಲ್ಲ.

ಗಡಿನಾಡ_ಗಣಕ
ಇನ್ನೊಂದು. ಬೇರೆ ಫೀಲ್ಡ್ ತಪ್ಪಾಗಿ ಫಾರ್ಮ್ ವಾಪಸ್ ಬಂದರೆ ಆರಿಸಿದ ಫೋಟೋ ಹೋಗುತ್ತದೆ. ಫೈಲ್ ಇನ್‌ಪುಟ್‌ಗೆ ಸರ್ವರ್‌ನಿಂದ ಏನನ್ನೂ ತುಂಬಿಸಲು ಬ್ರೌಸರ್ ಬಿಡುವುದೇ ಇಲ್ಲ. ನಾನಾದರೆ ಮೊದಲು ಹೆಸರು, ಖಾತೆ ಸೇವ್ ಮಾಡಿಸಿ, ಫೋಟೋಗೆ ಆಮೇಲೆ ಬೆಳೆಗಾರರ ಸ್ವಂತ ಪುಟದಲ್ಲಿ ಜಾಗ ಕೊಡುತ್ತೇನೆ. ತಕ್ಕಡಿಯ ಮುಂದೆ ಜನ ಕಾಯುತ್ತಿರುವಾಗ ಪಾಸ್‌ಬುಕ್ ಫೋಟೋ ಯಾರು ತೆಗೆಯುತ್ತಾರೆ?

ಉಪ್ಪಳ_ಲೋಕಲ್
ನೋಡಿ, ಕೊನೆಗೂ ಬೇರೆ ಪುಟವೇ ಆಯಿತು.

ಮುಳ್ಳೇರಿಯ_ಅಕ್ಕ
ಫೋಟೋಗೆ ಮಾತ್ರ!